ಬಲಬದಿಯ ಕಿಟಕಿ: ಕಾರವಾರದ ಹಳೆಯ ಬಸ್ಸುಗಳ ನೆನಪು

ಊರಿನ ಹಳೆಯ ಬಸ್ಸುಗಳಲ್ಲಿ ಓಡಾಡಿದವರಿಗೆ ಏನೇನು ನೆನಪಿದೆ, ಆ ಊರು ಈಗ ಎಷ್ಟು ಬದಲಾಗಿದೆ, ಅಂಥ ಪ್ರಯಾಣ ಇಂದಿಗೂ ಎಲ್ಲಾದರೂ ಸಿಗುತ್ತದೆಯೇ ಎಂದು ಕೇಳಿದ್ದೀರಿ. ನಮ್ಮದು ಕಾರವಾರ ತಾಲ್ಲೂಕಿನ ಅಮದಳ್ಳಿ. 1980ರ ದಶಕದ ಕೊನೆಯಿಂದ ಹೈಸ್ಕೂಲಿಗೂ ಕಾಲೇಜಿಗೂ ಕಾರವಾರಕ್ಕೆ ಬಸ್ಸಿನಲ್ಲೇ ಹೋಗಿ ಬಂದವನು ನಾನು. ಊರು ಬದಲಾಗುತ್ತಿದೆ ಎಂಬುದು ನನಗೆ ಗೊತ್ತಾದದ್ದೂ ಬಸ್ಸಿನ ಕಿಟಕಿಯಿಂದಲೇ. ಹಾಗಾಗಿ ಎರಡನ್ನೂ ಒಟ್ಟಿಗೇ ಹೇಳುತ್ತೇನೆ.

ಮೊದಲು ಬಸ್ಸು. ಕೆಂಪು ಬಣ್ಣ, ಹಿಂಬದಿಗೆ ಏಣಿ, ಮೇಲೆ ಸಾಮಾನು ಹೇರುವ ಕ್ಯಾರಿಯರ್, ಮುಂದೆ ಊರಿನ ಹೆಸರು ಬರೆದ ಫಲಕ. ಎಂಜಿನ್ ಚಾಲಕನ ಪಕ್ಕದಲ್ಲಿ, ಬಸ್ಸಿನ ಒಳಗೇ ಇರುತ್ತಿತ್ತು. ಮೇಲೆ ದಪ್ಪ ಹೊದಿಕೆ ಹಾಕಿದ್ದರೂ ಬಾನೆಟ್ ಸದಾ ಬಿಸಿ. ಬೇಸಿಗೆಯಲ್ಲಿ ಅದರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಜೂನ್ ಬಂತೆಂದರೆ ಶಾಲೆಯ ಮಕ್ಕಳೆಲ್ಲ ಅಲ್ಲಿಯೇ. ಕೊಡೆ ಹಿಡಿದರೂ ಚೀಲದ ತಳ ನೆನೆಯುವಂಥ ಮಳೆ ನಮ್ಮದು. ಒದ್ದೆಯಾದ ನೋಟ್‌ಬುಕ್ಕುಗಳನ್ನು ಬಾನೆಟ್ ಮೇಲೆ ಬಿಡಿಸಿಟ್ಟು, ಕಾರವಾರ ಬರುವಷ್ಟರಲ್ಲಿ ಪುಟಗಳು ಸುರುಟಿಕೊಂಡು ಒಣಗುವುದನ್ನು ಕಾಯುತ್ತಿದ್ದೆವು. ಶಾಯಿ ಹರಡಿದ ಆ ಪುಟಗಳಿಗೆ ಅಂಟಿದ ಡೀಸೆಲ್ ವಾಸನೆ ವಾರ್ಷಿಕ ಪರೀಕ್ಷೆಯವರೆಗೂ ಹೋಗುತ್ತಿರಲಿಲ್ಲ. ಗೇರ್ ಬದಲಿಸುವಾಗ ಕೈಗೆ ಅಡ್ಡ ಬಂದ ಪುಸ್ತಕವನ್ನು ಆಚೆ ಸರಿಸಿ, ತಿರುವು ಕಳೆದ ಮೇಲೆ ಮತ್ತೆ ಬಿಸಿ ಇದ್ದಲ್ಲಿಗೇ ತಂದಿಡುತ್ತಿದ್ದ ಚಾಲಕರೊಬ್ಬರ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಉಪ್ಪುಗಾಳಿಗೆ ತಗಡು ಬಾಳುವುದಿಲ್ಲ. ಕೊನೆಯ ಸೀಟಿನ ಕಾಲಡಿ ತುಕ್ಕು ತಿಂದ ಕಿಂಡಿಯಿಂದ ರಸ್ತೆ ಓಡುವುದು ಕಾಣುತ್ತಿದ್ದ ಬಸ್ಸುಗಳೂ ಇದ್ದವು. ಮಳೆ ಜೋರಾದರೆ ಕಿಟಕಿಗಳೆಲ್ಲ ಮುಚ್ಚಿ ಒಳಗೆ ಹಗಲಲ್ಲೇ ಕತ್ತಲು. ಹೊರಗೆ ಏನೂ ಕಾಣದಿದ್ದರೂ ಯಾರೂ ತಪ್ಪಿ ಬೇರೆ ಕಡೆ ಇಳಿಯುತ್ತಿರಲಿಲ್ಲ. ಮೈ ಒಮ್ಮೆ ಎಡಕ್ಕೆ ವಾಲಿ, ಮತ್ತೆ ಬಲಕ್ಕೆ ವಾಲಿ, ಎಂಜಿನ್ನಿನ ಏದುಸಿರು ನಿಂತು ಗಾಡಿ ಹಗುರಾಗಿ ಉರುಳತೊಡಗಿದರೆ ಗುಡ್ಡದಾಚೆಯ ಬಿಣಗಾ ಬಂತೆಂದು ಲೆಕ್ಕ. ತೂಕಡಿಸುತ್ತಿದ್ದ ಅಜ್ಜಿಯರೂ ಸರಿಯಾಗಿ ಅದೇ ಹೊತ್ತಿಗೆ ಚೀಲ ಎತ್ತಿಕೊಂಡು ಏಳುತ್ತಿದ್ದರು.

ನಿರ್ವಾಹಕರ ಕೈಯಲ್ಲಿ ಟಿಕೆಟಿನ ಟ್ರೇ, ಬಗಲಲ್ಲಿ ಚರ್ಮದ ಚೀಲ. ಒಂದೊಂದು ದರಕ್ಕೆ ಒಂದೊಂದು ಬಣ್ಣದ ಟಿಕೆಟ್ ಕಟ್ಟು. ಮೊತ್ತ ಕೂಡಿಬರಲು ಎರಡು ಮೂರು ಟಿಕೆಟ್ ಹರಿದು ಪಂಚ್ ಒತ್ತಿ ಕೊಡುತ್ತಿದ್ದರು. ಚಿಲ್ಲರೆ ಇಲ್ಲದಿದ್ದರೆ ಬಾಕಿಯನ್ನು ಟಿಕೆಟಿನ ಹಿಂಬದಿಗೆ ಬರೆದುಕೊಡುವುದು ರೂಢಿ. ಇಳಿಯುವ ಅವಸರದಲ್ಲಿ ಅದನ್ನು ಕೇಳದೆ ಹೋದವರನ್ನು ಮರುದಿನ ಗುರುತು ಹಿಡಿದು, ಕರೆದು ಹಣ ಕೊಟ್ಟವರನ್ನು ಕಂಡಿದ್ದೇನೆ.

ಈ ನಿರ್ವಾಹಕರಲ್ಲಿ ಅನೇಕರು ಘಟ್ಟದ ಮೇಲಿನವರು, ಹುಬ್ಬಳ್ಳಿ, ಧಾರವಾಡ, ಹಾವೇರಿ ಕಡೆಯವರು. ನಮ್ಮ ಕೊಂಕಣಿ ಅವರಿಗೆ ಹೊಸದು, ಮೀನಿನ ವಾಸನೆ ಇನ್ನೂ ಹೊಸದು. ಬೈತಖೋಲ ಬಂದರಿನಿಂದ ಬುಟ್ಟಿ ಹೊತ್ತು ಹತ್ತುವ ಹೆಂಗಸರ ಜೊತೆ ಬೆಳಗಿನ ಜಗಳ ದಿನಾ ಇದ್ದದ್ದೇ. “ಅವ್ವಾ, ಬುಟ್ಟಿ ಮೇಲೆ ಹಾಕು, ಒಳಗೆಲ್ಲ ನೀರು ಸೋರುತ್ತದೆ” ಎಂದು ಅವರು. “ಬಿಸಿಲಿಗೆ ಬಂಗಡೆ ಕೆಟ್ಟರೆ ನೀನು ಕೊಳ್ಳುತ್ತೀಯಾ ತಮ್ಮಾ?” ಎಂದು ಇವರು. ಕೊನೆಗೆ ಹಿಂದಿನ ಸೀಟಿನ ಬಳಿ ಗೋಣಿತಟ್ಟು ಹಾಸಿ ಬುಟ್ಟಿಗೆ ಜಾಗವಾಗುತ್ತಿತ್ತು. ವರ್ಷ ತುಂಬುವುದರೊಳಗೆ ಅದೇ ನಿರ್ವಾಹಕರು ಕೊಂಕಣಿಯಲ್ಲೇ ಚಿಲ್ಲರೆ ಎಣಿಸುತ್ತಿದ್ದರು. ವರ್ಗವಾಗಿ ಊರಿಗೆ ಹೊರಟಾಗ ಅವರ ಚೀಲದಲ್ಲಿ ಒಣಮೀನಿನ ಪೊಟ್ಟಣವಿರುತ್ತಿತ್ತು, ಅದೇ ಹೆಂಗಸರು ಕೊಟ್ಟದ್ದು. ಕರಾವಳಿಯವರೂ ಬಯಲುಸೀಮೆಯವರೂ ಒಬ್ಬರನ್ನೊಬ್ಬರು ಅರಿತದ್ದು ಈ ಬಸ್ಸುಗಳಲ್ಲಿ ಎಂದು ನಾನು ನಂಬಿದ್ದೇನೆ.

ನನ್ನ ಅತ್ತೆಯ ಊರು ಗುಡ್ಡದ ಒಳಮಗ್ಗುಲಲ್ಲಿತ್ತು. ಅಲ್ಲಿಗೆ ಸಂಜೆಯ ಬಸ್ಸೇ ವಸ್ತಿ ಬಸ್. ರಾತ್ರಿ ಅಲ್ಲೇ ತಂಗಿ ನಸುಕಿಗೆ ಕಾರವಾರಕ್ಕೆ ಮರಳುತ್ತಿತ್ತು. ಚಾಲಕ, ನಿರ್ವಾಹಕರಿಗೆ ದೇವಸ್ಥಾನದ ಜಗಲಿಯಲ್ಲಿ ಚಾಪೆ, ಸರದಿಯ ಪ್ರಕಾರ ಒಂದೊಂದು ಮನೆಯಿಂದ ಊಟ. ದಿನಪತ್ರಿಕೆ, ಔಷಧದ ಪೊಟ್ಟಣ, ಮದುವೆಯ ಕರೆಯೋಲೆ ಎಲ್ಲವೂ ಆ ಬಸ್ಸಿನಲ್ಲೇ ಬರುತ್ತಿದ್ದವು. ಆಸ್ಪತ್ರೆಗೆ ಹೋಗಬೇಕಾದವರಿದ್ದರೆ ಬೆಳಗ್ಗೆ ಹಾರ್ನ್ ಹೊಡೆದು ಮನೆಯ ಮುಂದೆಯೇ ಕಾಯುತ್ತಿದ್ದರು. ಮನೆಮನೆಗೆ ಬೈಕ್ ಬಂದ ಮೇಲೆ ಆ ಬಸ್ಸು ನಿಂತಿತು. ಬೈಕ್ ಓಡಿಸಲಾಗದ ವಯಸ್ಸಿನವರು ಈಗ ಆಟೊದವರಿಗೆ ಫೋನ್ ಮಾಡಿ ಕಾಯುತ್ತಾರೆ.

ಇನ್ನು ಕಿಟಕಿಯ ವಿಷಯ. ಸಂಜೆಯ ಬಸ್ಸಿನಲ್ಲಿ ಸೀಟಿಗಾಗಿ ನನ್ನದು ಹಟ: ಚಾಲಕನ ಹಿಂದಿನ ಸಾಲು, ಬಲಬದಿಯ ಕಿಟಕಿ. ಅಂಕೋಲೆಯ ಕಡೆ ಹೊರಟ ಬಸ್ಸಿಗೆ ಕಡಲು ಬಲಕ್ಕೆ. ನಿಲ್ದಾಣ ಬಿಟ್ಟು ಹೆದ್ದಾರಿಗೆ ಬಂದರೆ ಗಾಳಿಮರಗಳ ಸಂದಿಯಿಂದ ಮರಳ ದಂಡೆ ಕಾಣುತ್ತಿತ್ತು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರನಾಥ ಟ್ಯಾಗೋರರು ಬಂದು ಉಳಿದದ್ದು ಈ ದಂಡೆಯ ಊರಿನಲ್ಲೇ. ಈಗ ದಂಡೆಗೆ ಅವರದೇ ಹೆಸರು. ಬೈತಖೋಲದಲ್ಲಿ ದೋಣಿಗಳ ಸಾಲು. ಅಲ್ಲಿಂದ ಬಸ್ಸು ಗುಡ್ಡಕ್ಕೆ ಏರಿದಂತೆ ಕಡಲು ಕೆಳಗೆ ಸರಿದು ಅಗಲವಾಗುತ್ತಿತ್ತು. ಕೂರ್ಮಗಡ ದ್ವೀಪ, ದೇವಗಡದ ದೀಪಸ್ತಂಭ, ಗುಡ್ಡ ಇಳಿಯುವಾಗ ಬಿಣಗಾದ ಬಾಗಿದ ತೀರ, ಅದರಾಚೆ ಅಂಜದೀವ ದ್ವೀಪ. ಸೂರ್ಯ ಮುಳುಗುವ ಹೊತ್ತಿಗೆ ಬಸ್ಸು ಆ ತಿರುವಿಗೆ ಬಂದರೆ ಇಡೀ ಬಸ್ಸಿನ ಒಳಗೆ ಕೇಸರಿ ಬೆಳಕು ತುಂಬುತ್ತಿತ್ತು. ಬಿಣಗಾದ ಕಾರ್ಖಾನೆಯ ಪಾಳಿಗೆ ಹೊರಟವರು, ಗದ್ದೆ ಕೆಲಸದವರು, ಕಚೇರಿಯವರು ಎಲ್ಲರೂ ಒಂದು ಕ್ಷಣ ಮಾತು ನಿಲ್ಲಿಸಿ ಅತ್ತ ನೋಡುತ್ತಿದ್ದರು. ಕಡಲು ನೋಡಲು ಯಾರೂ ಬೇರೆ ಹಣ ಕೊಡಬೇಕಾಗಿರಲಿಲ್ಲ. ಅದು ಟಿಕೆಟಿನಲ್ಲೇ ಸೇರಿತ್ತು.

ಕಾರವಾರ ಕಳೆದುಕೊಂಡದ್ದು ಏನು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಬಸ್ಸು ಬದಲಾಗುವುದು ಸಹಜ. 1997ರಲ್ಲಿ ನಮ್ಮ ಬಸ್ಸುಗಳು ಹುಬ್ಬಳ್ಳಿಯಲ್ಲಿ ಕೇಂದ್ರವಿರುವ ವಾಯವ್ಯ ಸಾರಿಗೆಗೆ ಸೇರಿದವು, ಬಣ್ಣ ಬದಲಾಯಿತು, ಟಿಕೆಟಿಗೆ ಯಂತ್ರ ಬಂತು. ಅದರಿಂದ ನನಗೆ ನೋವಾಗಲಿಲ್ಲ. ದಿನಾ ದುಡಿದು ಬರುವ ಸಾಮಾನ್ಯರ ಕಣ್ಣಿಗೆ ಕಡಲು ದೂರವಾದದ್ದು ನಿಜವಾದ ನಷ್ಟ.

ಮೊದಲು ಹೋದದ್ದು ಬಿಣಗಾದ ಆಚೆಯ ಅರ್ಗಾದ ಕಡಲು. ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆ ಆದಾಗ ನಾವು ಹುಡುಗರು. 2005ರಲ್ಲಿ ಕದಂಬ ನೌಕಾನೆಲೆ ಕೆಲಸ ಆರಂಭಿಸುವಷ್ಟರಲ್ಲಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಕಡಲಂಚಿನ ಊರುಗಳಿಂದ ಸಾವಿರಾರು ಕುಟುಂಬಗಳು ಎದ್ದು ಹೋಗಿದ್ದವು. ಅಂಜದೀವಕ್ಕೂ ಅಲೆತಡೆ ಗೋಡೆ ಕಟ್ಟಿ ದಡಕ್ಕೆ ಜೋಡಿಸಿದರು. ದೇಶದ ರಕ್ಷಣೆಗೆ ಅದು ಬೇಕೆಂದು ನಮ್ಮವರೂ ಒಪ್ಪಿಯೇ ಜಾಗ ಬಿಟ್ಟುಕೊಟ್ಟರು. ಆ ತ್ಯಾಗವನ್ನು ಹೊರಗಿನವರು ಇನ್ನಷ್ಟು ಗೌರವದಿಂದ ನೆನೆಯಬೇಕು. ಅರ್ಗಾದ ಸ್ಟಾಪಿನಲ್ಲಿ ಹತ್ತಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನ ಮನೆಯಂಗಳದಲ್ಲಿ ಬಲೆ ಹರಡಿರುತ್ತಿತ್ತು, ಅದರಾಚೆ ಅಲೆ. ಅವನೀಗ ಪುನರ್ವಸತಿ ಕಾಲೊನಿಯಲ್ಲಿದ್ದಾನೆ. ಗಟ್ಟಿಮುಟ್ಟಾದ ಮನೆ, ಡಾಂಬರು ರಸ್ತೆ ಎಲ್ಲ ಇದೆ. ಬಲೆ ಹರಡಲು ಕಾರಣವಿಲ್ಲ. ಅಲ್ಲಿ ಬಸ್ಸಿನ ಕಿಟಕಿಗೆ ಈಗ ಸಿಗುವುದು ಉದ್ದನೆಯ ಗೋಡೆ, ಮೇಲೆ ಮುಳ್ಳುತಂತಿ.

ಆಮೇಲೆ ಹೆದ್ದಾರಿ ಚತುಷ್ಪಥವಾಯಿತು. 17ನೆಯ ನಂಬರಿನ ಹೆದ್ದಾರಿ 66 ಆಗಿ, ಬೈತಖೋಲ ಮತ್ತು ಬಿಣಗಾ ನಡುವೆ ಗುಡ್ಡ ಕೊರೆದು ಸುರಂಗ ಮಾಡಿದರು. ಆ ಗುಡ್ಡದ ಹಳೆಯ ತಿರುವುಗಳಲ್ಲಿ ಲಾರಿ ಕೆಟ್ಟು ನಿಂತು, ಹೆರಿಗೆಗೆ ಹೊರಟ ಹೆಂಗಸನ್ನು ಕೂರಿಸಿಕೊಂಡು ಕಾದ ಬಸ್ಸಿನಲ್ಲಿ ನಾನೂ ಇದ್ದೆ. ಆದ್ದರಿಂದ ಸುರಂಗ ಬೇಡವಾಗಿತ್ತು ಎನ್ನಲಾರೆ. ಆದರೆ ಊರಿನ ಅತಿ ಚೆಂದದ ನೋಟವಿದ್ದ ಕಡೆ ಈಗ ಬಸ್ಸಿನಲ್ಲಿರುವವರಿಗೆ ಕಾಣುವುದು ಕಾಂಕ್ರೀಟು ಮತ್ತು ದೀಪದ ಸಾಲು. ಕಡಲತೀರದ ಮುಂದೆ ಫ್ಲೈಓವರ್ ಕೂಡ ಎದ್ದಿದೆ. ಮೇಲೆ ಹೋಗುವ ವಾಹನಗಳಿಗೆ ಕಡಲು ಚೆನ್ನಾಗಿಯೇ ಕಾಣುತ್ತದೆ. ಕೆಳಗೆ ಪೇಟೆಯಲ್ಲಿ ನಿಂತವರಿಗೆ ಅದೇ ಅಡ್ಡ.

2024ರ ಮಳೆಗಾಲವಂತೂ ಈ ದಾರಿಯಲ್ಲಿ ಓಡಾಡುವ ಯಾರೂ ಮರೆಯುವಂಥದ್ದಲ್ಲ. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ರಸ್ತೆಬದಿಯ ಚಹಾದಂಗಡಿಯವರನ್ನೂ ಅಲ್ಲಿ ನಿಂತಿದ್ದವರನ್ನೂ ಬಲಿ ತೆಗೆದುಕೊಂಡಿತು. ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಲಾರಿಯೊಂದು ನೀರಿಗೆ ಬಿತ್ತು. ಚಾಲಕನ ಜೀವ ಉಳಿಯಿತು. 1980ರ ದಶಕದಲ್ಲಿ ಆ ಸೇತುವೆ ಆಗುವ ಮೊದಲು ಕೋಡಿಬಾಗದಲ್ಲಿ ಬಸ್ಸಿಳಿದು, ತಾರಿಯ ದೋಣಿಯಲ್ಲಿ ನದಿ ದಾಟಿ, ಸದಾಶಿವಗಡದಲ್ಲಿ ಬೇರೆ ಬಸ್ಸು ಹಿಡಿದು ಗೋವಾಕ್ಕೆ ಹೋಗುತ್ತಿದ್ದೆವೆಂದು ಅಪ್ಪ ಹೇಳುತ್ತಿದ್ದರು. ಸೇತುವೆ ಬಿದ್ದ ಸುದ್ದಿ ಕೇಳಿದ ಬೆಳಿಗ್ಗೆ ಅವರು ಚಹಾ ಮುಟ್ಟಲಿಲ್ಲ. ಅದರ ಮೇಲೆ ಬಸ್ಸು ಮೊದಲು ಓಡಿದ್ದನ್ನು ಕಂಡವರು ಅವರು. ಗುಡ್ಡ ಕಡಿಯುವಾಗ, ಸೇತುವೆಗೆ ವಯಸ್ಸಾದಾಗ, ಈ ದಾರಿಯಲ್ಲಿ ದಿನಾ ಬಸ್ಸಿನಲ್ಲಿ ಹೋಗುವವರನ್ನೂ ಒಂದು ಮಾತು ಕೇಳಬೇಕಿತ್ತು. ಎಲ್ಲಿ ಮಣ್ಣು ಜಾರುತ್ತದೆ, ಎಲ್ಲಿ ನೀರು ಒಸರುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಒಳ್ಳೆಯದೂ ಆಗಿದೆ, ಅದನ್ನು ಹೇಳದೆ ಬಿಡಬಾರದು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಮುಂಬೈಗೂ ಮಂಗಳೂರಿಗೂ ಹೋಗುವುದು ಸುಲಭವಾಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟಿನ ಖರ್ಚಿಲ್ಲ. ಮೀನು ಮಾರುವವರಿಗೆ, ಸಂತೆಗೆ ಸೊಪ್ಪು ತರುವ ಹಾಲಕ್ಕಿ ಸಮುದಾಯದ ಹೆಂಗಸರಿಗೆ ದಿನದ ದುಡಿಮೆಯಲ್ಲಿ ಅಷ್ಟು ಉಳಿಯುವುದೆಂದರೆ ಸಣ್ಣ ಮಾತಲ್ಲ. ಬಸ್ಸು ಕಿಕ್ಕಿರಿದಿದೆ ಎಂದು ಗೊಣಗುವವರ ಜೊತೆ ನಾನು ಸೇರುವುದಿಲ್ಲ.

ಆ ಹಳೆಯ ಪ್ರಯಾಣ ಈಗಲೂ ಸಿಗುತ್ತದೆಯೇ ಎಂದಿರಿ. ಸಿಗುತ್ತದೆ, ಹೆದ್ದಾರಿ ಬಿಡಬೇಕು ಅಷ್ಟೆ. ಕಾರವಾರದಲ್ಲಿ ಭಾನುವಾರ ಸಂತೆ. ಬೆಳಿಗ್ಗೆ ಸಂತೆ ಸುತ್ತಿ, ಮಧ್ಯಾಹ್ನ ಕದ್ರಾದ ಕಡೆ ಹೋಗುವ ಸಾಮಾನ್ಯ ಬಸ್ಸು ಹತ್ತಿ. ಕಿನ್ನರ, ಕೆರವಡಿ, ಮಲ್ಲಾಪುರದ ದಾರಿ. ಕಾಳಿ ನದಿ ಆಗಾಗ ಜೊತೆಗೆ ಬರುತ್ತದೆ. ಹೋಗುವಾಗ ನದಿ ಎಡಕ್ಕೆ, ಹಾಗಾಗಿ ಬಾಗಿಲಿನ ಬದಿಗೆ ಕುಳಿತುಕೊಳ್ಳಿ. ಸಂತೆಯಿಂದ ಮರಳುವವರ ಚೀಲಗಳು ನಿಮ್ಮ ಕಾಲ ಮೇಲೂ ಬರಬಹುದು. ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯಬೇಡಿ, ನಿಂತೇ ಹೋಗಿ. ಎಲ್ಲಿಯವರು, ಯಾರ ಮನೆಗೆ ಎಂದು ಯಾರಾದರೂ ವಿಚಾರಿಸಿಯೇ ವಿಚಾರಿಸುತ್ತಾರೆ.