ವಾಹನ ಸಲಹೆ: ಮೇಣಕ್ಕಿಂತ ಮೊದಲು ತೊಳೆಯುವ ಕೈ ಸರಿಯಾಗಲಿ

ಆಯುಧಪೂಜೆ ಹತ್ತಿರವಾಗುತ್ತಿದ್ದಂತೆ ವಾಹನದ ಬಣ್ಣವನ್ನು ಮನೆಯಲ್ಲಿಯೇ ನೋಡಿಕೊಳ್ಳುವ ಬಗೆಯನ್ನು ಕುರಿತ ಪತ್ರಗಳು ಹೆಚ್ಚಾಗಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಕಪ್ಪು ಕಾರಿಗೆ ಮೂರು ವರ್ಷವಾಗಿದೆ. ಅಪಾರ್ಟ್‌ಮೆಂಟಿನ ಕೆಲಸದವರು ದಿನವೂ ಬೆಳಿಗ್ಗೆ ಅದನ್ನು ಒರೆಸುತ್ತಾರೆ. ಆದರೂ ಬಿಸಿಲಿನಲ್ಲಿ ನಿಲ್ಲಿಸಿದಾಗ ಬಾನೆಟ್ಟಿನ ತುಂಬ ಜೇಡರ ಬಲೆಯಂತೆ ಸುತ್ತುಸುತ್ತಾದ ಗೀರುಗಳು ಕಾಣುತ್ತವೆ. ಆರು ತಿಂಗಳಿಗೊಮ್ಮೆ ರಬ್ಬಿಂಗ್ ಪಾಲಿಶ್ ಮಾಡಿಸಿದರೆ ಸಾಕೆಂದು ಗ್ಯಾರೇಜಿನವರು ಹೇಳುತ್ತಾರೆ. ಮಾಡಿಸಬಹುದೇ? (ಓದುಗರು, ಬೆಂಗಳೂರು)

ಉತ್ತರ: ದಿನವೂ ಒರೆಸಿದ್ದರಿಂದಲೇ ಆ ಗೀರುಗಳು ಬಿದ್ದಿವೆ. ರಾತ್ರಿಯಿಡೀ ಕಾರಿನ ಮೇಲೆ ಕೂರುವ ದೂಳಿನಲ್ಲಿ ಮರಳಿನ ಸೂಕ್ಷ್ಮ ಕಣಗಳಿರುತ್ತವೆ. ಮರಳಿನ ಮುಖ್ಯ ಖನಿಜವಾದ ಕ್ವಾರ್ಟ್ಸ್‌ನ ಗಡಸುತನ, ಖನಿಜಗಳನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ 7. ಕಾರಿನ ಮೇಲ್ಪದರ ಅದಕ್ಕಿಂತ ಬಹಳ ಮೆದು. ಒಣ ಬಟ್ಟೆಯಿಂದಾಗಲಿ, ಹತ್ತು ಕಾರುಗಳಿಗೆ ಅದ್ದಿ ತೆಗೆದ ಒಂದೇ ಬಕೆಟ್ಟಿನ ಒದ್ದೆ ಬಟ್ಟೆಯಿಂದಾಗಲಿ ಒರೆಸಿದಾಗ ಆ ಕಣಗಳು ಬಣ್ಣದ ಮೇಲೆ ಉಜ್ಜುತ್ತಾ ಹೋಗುತ್ತವೆ. ಗೀರುಗಳು ನಿಜವಾಗಿ ಎಲ್ಲ ದಿಕ್ಕಿಗೂ ಇರುತ್ತವೆ. ಅವುಗಳಲ್ಲಿ ಬೆಳಕಿಗೆ ಅಡ್ಡಲಾಗಿ ಇರುವಂಥವು ಮಾತ್ರ ಹೊಳೆಯುವುದರಿಂದ ಸೂರ್ಯನ ಪ್ರತಿಬಿಂಬದ ಸುತ್ತ ಬಳೆಗಳು ಕಂಡಂತಾಗುತ್ತದೆ. ನೀವು ತಲೆಯನ್ನು ಪಕ್ಕಕ್ಕೆ ಸರಿಸಿ ನೋಡಿದರೆ ಆ ಬಳೆಗಳೂ ನಿಮ್ಮೊಂದಿಗೆ ಸರಿಯುತ್ತವೆ.

ಇನ್ನು ಪಾಲಿಶ್ ವಿಚಾರ. ಇಂದಿನ ಕಾರುಗಳ ತಗಡಿನ ಮೇಲೆ ವಿದ್ಯುತ್ತಿನ ನೆರವಿನಿಂದ ಕೂರಿಸಿದ ತುಕ್ಕುನಿರೋಧಕ ಲೇಪ, ಅದರ ಮೇಲೆ ಪ್ರೈಮರ್, ಅನಂತರ ಬಣ್ಣದ ಪದರ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತವೆ. ಇವೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಏಳನೆಯ ಒಂದು ಭಾಗವನ್ನೂ ಅಷ್ಟೇನೂ ಮೀರುವುದಿಲ್ಲ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 35ರಿಂದ 50 ಮೈಕ್ರಾನ್ ಅಷ್ಟೆ. ರಬ್ಬಿಂಗ್ ಎಂದರೆ ಗೀರಿನ ಆಳದವರೆಗೆ ಈ ಪದರವನ್ನು ಸವೆಸಿ ಸಮತಟ್ಟು ಮಾಡುವುದು, ಗೀರನ್ನು ತುಂಬುವುದಲ್ಲ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕಗಳೂ ಇದೇ ಪದರದಲ್ಲಿವೆ. ವರ್ಷಕ್ಕೆರಡು ಬಾರಿ ಯಂತ್ರ ಹಿಡಿದು ಉಜ್ಜುತ್ತಾ ಹೋದರೆ ಕೆಲವೇ ವರ್ಷಗಳಲ್ಲಿ ಚಾವಣಿ ಮತ್ತು ಬಾನೆಟ್ಟಿನ ಮೇಲೆ ಬಿಳಿಚಿದ ಮಚ್ಚೆಗಳು ಮೂಡಿ, ಪದರವೇ ಸುಲಿಯಲು ತೊಡಗುತ್ತದೆ. ಆ ಹಂತ ಬಂದ ಮೇಲೆ ಯಾವ ಪಾಲಿಶ್ ಆಗಲಿ, ಮೇಣವಾಗಲಿ ಅದನ್ನು ಸರಿಮಾಡಲಾರದು; ಮರಳಿ ಬಣ್ಣ ಹೊಡೆಸುವುದೊಂದೇ ದಾರಿ.

ಆದ್ದರಿಂದ ಮೊದಲು ದಿನನಿತ್ಯದ ಒರೆಸುವಿಕೆಯನ್ನು ನಿಲ್ಲಿಸಿ. ಕೆಲಸದವರ ಸಂಬಳವನ್ನು ಕಡಿಮೆ ಮಾಡದೆ, ಅವರು ಗಾಜು, ಕನ್ನಡಿ, ದೀಪ ಮತ್ತು ಕಾರಿನ ಒಳಭಾಗವನ್ನಷ್ಟೇ ನೋಡಿಕೊಳ್ಳುವಂತೆ ಕೇಳಿಕೊಳ್ಳಿ. ತೊಳೆಯುವ ಕ್ರಮ ಬದಲಾದ ಮೇಲೆ, ಬಣ್ಣದ ದಪ್ಪ ಅಳೆಯುವ ಉಪಕರಣವಿರುವವರ ಬಳಿ, ಅತಿ ಮೆದುವಾದ ಪಾಲಿಶ್‌ನಿಂದ ಒಮ್ಮೆ ಮಾತ್ರ ಗೀರುಗಳನ್ನು ತಗ್ಗಿಸಿಕೊಳ್ಳಬಹುದು. ಆಳವಾದ ಒಂದೆರಡು ಗೀರು ಉಳಿದರೆ ಉಳಿಯಲಿ. ಅವುಗಳನ್ನು ಪೂರ್ತಿ ಅಳಿಸಲು ಹೋಗಿ ಪದರವನ್ನೇ ಕಳೆದುಕೊಳ್ಳುವುದು ಲಾಭವಲ್ಲ.

ಪ್ರಶ್ನೆ: ಹಾಗಾದರೆ ಮನೆಯಲ್ಲಿ ತೊಳೆಯುವ ಸರಿಯಾದ ವಿಧಾನ ಯಾವುದು? ನೀರು ಕಡಿಮೆ ಇರುವವರು ಏನು ಮಾಡಬೇಕು? (ಹುಬ್ಬಳ್ಳಿ ಮತ್ತು ಬೆಂಗಳೂರಿನ ಹಲವು ಓದುಗರು)

ಉತ್ತರ: ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಕಾರು ನೆರಳಿನಲ್ಲಿರಬೇಕು, ಬಾನೆಟ್ಟಿನ ಮೇಲೆ ಕೈಯಿಟ್ಟರೆ ತಣ್ಣಗಿರಬೇಕು. ಚಕ್ರಗಳನ್ನು ಮೊದಲು ಬೇರೆ ನೀರು ಮತ್ತು ಬೇರೆ ಬ್ರಷ್‌ನಿಂದ ತೊಳೆದು ಮುಗಿಸಿ, ಏಕೆಂದರೆ ಬ್ರೇಕಿನಿಂದ ಉದುರಿದ ಲೋಹದ ಪುಡಿ ಅಲ್ಲಿ ಅಂಟಿರುತ್ತದೆ. ಆಮೇಲೆ ಚಾವಣಿಯಿಂದ ಕೆಳಕ್ಕೆ ನೀರು ಹರಿಸಿ, ಬಟ್ಟೆ ಮುಟ್ಟಿಸುವ ಮೊದಲೇ ಸಡಿಲವಾದ ದೂಳು ಮಣ್ಣೆಲ್ಲ ಇಳಿದು ಹೋಗುವಂತೆ ಮಾಡಬೇಕು. ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಹಂತ ಇದೇ. ಬಹಳ ಮಂದಿ ಅವಸರಪಡುವುದೂ ಇಲ್ಲಿಯೇ.

ಮೈಕ್ರೋಫೈಬರ್ ಕೈಗವಸನ್ನು ಶಾಂಪೂ ನೀರಿನಲ್ಲಿ ಅದ್ದಿ, ಒತ್ತಡ ಹಾಕದೆ, ಸುತ್ತು ತಿರುಗಿಸದೆ ನೇರವಾಗಿ ಎಳೆಯಿರಿ. ಚಾವಣಿ, ಗಾಜು, ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲ್ಭಾಗ ಆದ ಮೇಲೆ, ಅತ್ಯಂತ ಕೊಳೆಯಾಗಿರುವ ಕೆಳಭಾಗವನ್ನು ಕೊನೆಗೆ ಮುಟ್ಟಿ. ಒಂದೊಂದು ಭಾಗ ಮುಗಿದಾಗಲೂ ಕೈಗವಸನ್ನು ಬರಿಯ ನೀರಿನ ಬಕೆಟ್ಟಿನಲ್ಲಿ ಚೆನ್ನಾಗಿ ಜಾಲಿಸಿ, ಆಮೇಲಷ್ಟೇ ಶಾಂಪೂವಿಗೆ ಅದ್ದಬೇಕು. ಕೆಲಸ ಮುಗಿದಾಗ ಆ ಎರಡನೆಯ ಬಕೆಟ್ಟಿನ ತಳವನ್ನು ನೋಡಿ: ಅಲ್ಲಿ ಕೂತಿರುವ ಮರಳು, ಇದ್ದದ್ದು ಒಂದೇ ಬಕೆಟ್ ಆಗಿದ್ದರೆ, ನಿಮ್ಮ ಬಾಗಿಲಿನ ಮೇಲೆ ಉಜ್ಜುತ್ತಿತ್ತು. ಕೊನೆಯಲ್ಲಿ ದಪ್ಪನೆಯ ಮೈಕ್ರೋಫೈಬರ್ ಟವೆಲನ್ನು ಬಣ್ಣದ ಮೇಲೆ ಹರಡಿ, ಮೆಲ್ಲಗೆ ತನ್ನತ್ತ ಎಳೆದುಕೊಂಡರೆ ನೀರು ಹೀರಿಕೊಳ್ಳುತ್ತದೆ. ಹಳೆಯ ಬನಿಯನ್, ಸ್ಪಂಜು, ಪಂಚೆಯ ತುಂಡು ಇವು ಬೇಡ. ಪಾತ್ರೆ ತೊಳೆಯುವ ದ್ರಾವಣ ಮತ್ತು ಬಟ್ಟೆಯ ಪುಡಿ ಜಿಡ್ಡಿನೊಂದಿಗೆ ಹಿಂದೆ ಹಚ್ಚಿದ ಮೇಣವನ್ನೂ ಕಿತ್ತುಹಾಕುವುದರಿಂದ ಅವುಗಳೂ ಬೇಡ.

ಬೆಂಗಳೂರಿನ ಓದುಗರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 2024ರ ಮಾರ್ಚಿನ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5000 ರೂಪಾಯಿ ದಂಡ ವಿಧಿಸಿತ್ತು. ದಂಡದ ಮಾತು ಬಿಟ್ಟರೂ, ನೆರೆಯವರು ಟ್ಯಾಂಕರಿಗೆ ಕಾಯುತ್ತಿರುವಾಗ ಪೈಪ್ ಬಿಟ್ಟು ಕಾರು ತೊಳೆಯುವುದು ನ್ಯಾಯವಲ್ಲ. ಚಾವಣಿಯಿಂದ ಸಂಗ್ರಹಿಸಿದ ಮಳೆನೀರು ಈ ಕೆಲಸಕ್ಕೆ ಶ್ರೇಷ್ಠ, ಏಕೆಂದರೆ ಅದರಲ್ಲಿ ಲವಣಗಳು ತೀರಾ ಕಡಿಮೆ. ಅದಿಲ್ಲದಿದ್ದರೆ, ಮತ್ತೆ ನೀರು ಹೊಯ್ಯುವ ಅಗತ್ಯವಿಲ್ಲದ ರಿನ್ಸ್‌ಲೆಸ್ ದ್ರಾವಣಗಳು ಸಿಗುತ್ತವೆ. ಬಾಟಲಿಯಲ್ಲಿ ಹೇಳಿದ ಅಳತೆಯಲ್ಲಿ ಬೆರೆಸಿದರೆ ಒಂದು ಬಕೆಟ್ ನೀರಿನಲ್ಲಿ ಇಡೀ ಕಾರನ್ನು ಶುಚಿ ಮಾಡಬಹುದು. ಆದರೆ ಇದು ತೆಳುವಾದ ದೂಳಿಗೆ ಮಾತ್ರ. ಹೊಲದ ದಾರಿಯ ಕೆಸರು ಮೆತ್ತಿದ ಕಾರಿಗೆ ಮೊದಲು ನೀರು ಹರಿಸಲೇಬೇಕು.

ಪ್ರಶ್ನೆ: ನಮ್ಮಲ್ಲಿ ಕೊಳವೆಬಾವಿಯ ನೀರು ಬಿಟ್ಟರೆ ಬೇರೆ ಗತಿಯಿಲ್ಲ. ತೊಳೆದ ಮೇಲೆ ಬಿಳಿ ಚುಕ್ಕೆಗಳು ಉಳಿಯುತ್ತವೆ. ಆರ್‌ಒ ಯಂತ್ರದಿಂದ ಹೊರಬರುವ ನೀರನ್ನು ಬಳಸಬಹುದೇ? (ಓದುಗರು, ಕೋಲಾರ)

ಉತ್ತರ: ಆರ್‌ಒ ಯಂತ್ರ ಹೊರಗೆ ಚೆಲ್ಲುವ ನೀರಿನಲ್ಲಿ ಮೂಲ ನೀರಿಗಿಂತಲೂ ಹೆಚ್ಚು ಲವಣಗಳು ಸಾಂದ್ರವಾಗಿರುತ್ತವೆ. ಅದನ್ನು ಟೈರಿಗೆ, ಕಾಲೊರೆಸಿಗೆ ಬಳಸಿ. ಬಣ್ಣದ ಮೇಲೆ ಹಾಕಬೇಡಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಇದಕ್ಕಿಂತ ಗಡಸು. ಹನಿ ಆರಿದಾಗ ನೀರು ಹೋಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಅಲ್ಲಿಯೇ ಉಳಿಯುವುದರಿಂದ ಚುಕ್ಕೆಗಳಾಗುತ್ತವೆ. ಹನಿ ಆರುವ ಮೊದಲೇ ಟವೆಲಿನಿಂದ ಹೀರಿಸಿಬಿಟ್ಟರೆ ಅರ್ಧ ಸಮಸ್ಯೆ ತೀರಿತು. ಕೊನೆಯ ಒಂದು ಸುತ್ತಿಗೆ ಎರಡು ಮೂರು ಲೀಟರ್ ಆರ್‌ಒ ಶುದ್ಧನೀರು, ಇಲ್ಲವೇ ಎಸಿಯಿಂದ ತೊಟ್ಟಿಕ್ಕುವ ನೀರನ್ನು ಸೋಸಿ ಬಳಸಿದರೆ ಇನ್ನೂ ಒಳ್ಳೆಯದು.

ಈಗಾಗಲೇ ಬಿದ್ದಿರುವ ಚುಕ್ಕೆಗಳಿಗೆ ಬಿಳಿ ವಿನಿಗರ್ ಮತ್ತು ನೀರನ್ನು ಸಮಪಾಲು ಬೆರೆಸಿ, ಬಟ್ಟೆಯನ್ನು ಅದರಲ್ಲಿ ನೆನೆಸಿ ಚುಕ್ಕೆಯ ಮೇಲೆ ಒಂದೆರಡು ನಿಮಿಷ ಹೊದಿಸಿಟ್ಟು, ಮೆಲ್ಲಗೆ ಒರೆಸಿ ಕೂಡಲೇ ತೊಳೆಯಿರಿ. ಹೋಗದಿದ್ದರೆ ಉಗುರಿನಿಂದಾಗಲಿ, ನಾರಿನಿಂದಾಗಲಿ ಕೆರೆಯಬೇಡಿ.

ಪ್ರಶ್ನೆ: ಪಾಲಿಶ್, ವ್ಯಾಕ್ಸ್, ಸೀಲಂಟ್, ಸೆರಾಮಿಕ್ ಇವುಗಳ ವ್ಯತ್ಯಾಸವೇನು? ಯಾವುದನ್ನು ಮೊದಲು ಹಚ್ಚಬೇಕು? ಸಮುದ್ರದ ಗಾಳಿಗೆ ಇವು ತಡೆಯುತ್ತವೆಯೇ? (ಓದುಗರು, ಉಡುಪಿ)

ಉತ್ತರ: ಪಾಲಿಶ್ ಸವೆಸುತ್ತದೆ; ಉಳಿದ ಮೂರೂ ಮೇಲೆ ಕೂತು ಕಾಪಾಡುತ್ತವೆ. ಅಂಗಡಿಯಲ್ಲಿ ಎಲ್ಲವನ್ನೂ ಪಾಲಿಶ್ ಎಂದೇ ಕರೆಯುವುದರಿಂದ ಬಾಟಲಿಯ ಮೇಲಿನ ಬರಹವನ್ನು ಓದಿ ಕೊಳ್ಳಿ.

ವ್ಯಾಕ್ಸ್‌ಗಳಲ್ಲಿ ಹೆಸರುವಾಸಿಯಾದದ್ದು ಕಾರ್ನೌಬಾ. ಈಶಾನ್ಯ ಬ್ರೆಜಿಲ್‌ನ ಒಣನೆಲದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರ, ತನ್ನ ಎಲೆಯ ನೀರು ಆರದಂತೆ ಅದರ ಮೇಲೆ ಲೇಪಿಸಿಕೊಳ್ಳುವ ಮೇಣವಿದು. ಗಿಡಗಳಿಂದ ಸಿಗುವ ಮೇಣಗಳಲ್ಲಿ ಇದು ಬಹಳ ಗಟ್ಟಿಯಾದದ್ದು. ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬಣ್ಣಕ್ಕೆ ಇದು ಕೊಡುವ ಆಳವಾದ ಹೊಳಪು ಬಹಳ ಚಂದ. ಆದರೆ ನಮ್ಮ ಬಿಸಿಲು ಮಳೆಗೆ ಒಂದೆರಡು ತಿಂಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ. ಸೀಲಂಟ್ ಕೃತಕ ಪಾಲಿಮರ್‌ಗಳ ಲೇಪ. ನಾಲ್ಕರಿಂದ ಆರು ತಿಂಗಳು ಬಾಳುತ್ತದೆ. ಅದು ಬರಿಯ ಬಣ್ಣಕ್ಕೆ ಅಂಟಿಕೊಳ್ಳಬೇಕಾದ್ದರಿಂದ ಸೀಲಂಟ್ ಮೊದಲು, ಒಂದು ದಿನ ಬಿಟ್ಟು ಅದರ ಮೇಲೆ ವ್ಯಾಕ್ಸ್. ಮೇಣದ ಮೇಲೆ ಸೀಲಂಟ್ ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ, ಎರಡರಲ್ಲಿ ಒಂದನ್ನೇ ಹಚ್ಚುವುದಾದರೆ ಕರಾವಳಿಯವರಿಗೆ ಸೀಲಂಟ್ ಸಾಕು.

ಹಚ್ಚುವ ಮೊದಲು, ತೊಳೆದು ಒಣಗಿಸಿದ ಬಾನೆಟ್ಟಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಸವರಿ ನೋಡಿ. ಬರಿಗೈಗೆ ನುಣುಪಾಗಿ ತೋರಿದ್ದ ಜಾಗದಲ್ಲಿ ಹರಳು ಹರಳಾಗಿ ತಾಕಿದರೆ, ತೊಳೆದರೂ ಹೋಗದ ಕಣಗಳು ಅಂಟಿವೆ ಎಂದರ್ಥ. ಅವುಗಳನ್ನು ತೆಗೆಯಲು ಕ್ಲೇ ಬಾರ್ ಎಂಬ, ಜೇಡಿಮಣ್ಣಿನಂತೆ ಮೆದುವಾದ ಮುದ್ದೆ ಬೇಕು. ಸಣ್ಣ ತುಂಡನ್ನು ಚಪ್ಪಟೆ ಮಾಡಿಕೊಂಡು, ಜಾರುವ ದ್ರಾವಣವನ್ನು ಧಾರಾಳವಾಗಿ ಸಿಂಪಡಿಸಿ, ಹಗುರವಾಗಿ ಹಿಂದೆ ಮುಂದೆ ಜಾರಿಸಿ. ಕೊಳೆಯಾದ ಮುಖವನ್ನು ಆಗಾಗ ಮಡಚಿ ಒಳಗೆ ಹಾಕಿ. ಕ್ಲೇ ನೆಲಕ್ಕೆ ಬಿದ್ದರೆ ಅದನ್ನು ಎಸೆಯಬೇಕು, ತೊಳೆದು ಬಳಸುವಂತಿಲ್ಲ. ಒರಟು ಇಲ್ಲದಿದ್ದರೆ ಈ ಹಂತವೇ ಬೇಡ.

ಹಚ್ಚುವಾಗ ಬಹಳ ಮಂದಿ ದಪ್ಪವಾಗಿ ಬಳಿದು ಆಮೇಲೆ ತೆಗೆಯಲು ಒದ್ದಾಡುತ್ತಾರೆ. ಸ್ಪಂಜಿನ ಬಿಲ್ಲೆಗೆ ಸ್ವಲ್ಪವೇ ತೆಗೆದುಕೊಂಡು, ಮೇಲ್ಮೈ ಮಸುಕಾಗುವಷ್ಟು ಮಾತ್ರ ತೆಳುವಾಗಿ ಹರಡಿ. ಕೆಲವು ನಿಮಿಷ ಕಳೆದು ಬೆರಳ ತುದಿಯಿಂದ ಒಂದು ಗೆರೆ ಎಳೆಯಿರಿ. ಮೇಣ ಕಲೆಸಿದರೆ ಇನ್ನೂ ಕಾಯಬೇಕು. ಗೆರೆಯ ಜಾಗ ಸ್ವಚ್ಛವಾಗಿ ಹೊಳೆದರೆ ಒರೆಸುವ ಸಮಯ ಬಂದಿದೆ. ಬಂಪರಿನ ಕಪ್ಪು ಪ್ಲಾಸ್ಟಿಕ್ಕಿಗೆ ತಾಗದಂತೆ ನೋಡಿಕೊಳ್ಳಿ, ಅಲ್ಲಿ ಬಿಳಿ ಕಲೆ ಉಳಿಯುತ್ತದೆ.

ಸೆರಾಮಿಕ್ ಲೇಪ ವರ್ಷಗಟ್ಟಲೆ ಬಾಳಬಹುದು. ಆದರೆ ಜಾಹೀರಾತಿನ ‘9ಎಚ್’ ಎನ್ನುವುದು ಪೆನ್ಸಿಲಿನ ಮೊನೆಯಿಂದ ಗೀರಿ ನೋಡುವ ಪರೀಕ್ಷೆಯ ಅಳತೆ, ಖನಿಜಗಳ ಮೋಸ್ ಮಾಪಕದ 9 ಅಲ್ಲ. ಮರಳು ಅದನ್ನೂ ಗೀರುತ್ತದೆ. ಸಮುದ್ರದ ಉಪ್ಪಿನ ಮಟ್ಟಿಗೆ ಹೇಳುವುದಾದರೆ, ತುಕ್ಕು ಹಿಡಿಯುವುದು ಹೆಚ್ಚಾಗಿ ಕಲ್ಲು ಸಿಡಿದು ಬಣ್ಣ ಹಾರಿದ ಜಾಗದಲ್ಲಿ ಮತ್ತು ತಳದಲ್ಲಿ. ಅಲ್ಲಿ ಮೇಣದಿಂದ ಉಪಯೋಗವಿಲ್ಲ. ಬಣ್ಣ ಹಾರಿದ ಚುಕ್ಕೆಗಳಿಗೆ ಟಚ್‌ಅಪ್ ಬಣ್ಣ ಹಚ್ಚಿ, ತಳಕ್ಕೆ ಆಗಾಗ ಸಿಹಿನೀರು ಹರಿಸಿ. ಸೀಲಂಟನ್ನು ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲೇ ಹಚ್ಚಿ ಮುಗಿಸಿ.

ಪ್ರಶ್ನೆ: ಕಳೆದ ಆಯುಧಪೂಜೆಯಲ್ಲಿ ಹಚ್ಚಿದ ಅರಿಸಿನ ಕುಂಕುಮದ ಕಲೆ ಬಿಳಿ ಕಾರಿನಲ್ಲಿ ಬಹಳ ದಿನ ಉಳಿಯಿತು. ಈ ಬಾರಿ ಏನು ಮಾಡಲಿ? (ಓದುಗರು, ದಾವಣಗೆರೆ)

ಉತ್ತರ: ಹಬ್ಬಕ್ಕೆ ಒಂದು ವಾರ ಮೊದಲು ವ್ಯಾಕ್ಸ್ ಹಚ್ಚಿರಿ, ಬಣ್ಣ ಮತ್ತು ಕುಂಕುಮದ ನಡುವೆ ಒಂದು ಪದರವಿದ್ದರೆ ಕಲೆ ಬಣ್ಣದೊಳಕ್ಕೆ ಇಳಿಯುವುದು ಕಷ್ಟ. ಗಾಜಿನ ಮೇಲೆ ವಿಭೂತಿ, ಕುಂಕುಮ ಇಟ್ಟರೆ ಪೂಜೆಗೆ ಕೊರತೆಯಾಗದು, ಬಣ್ಣಕ್ಕೂ ತೊಂದರೆಯಿಲ್ಲ. ಬಣ್ಣದ ಮೇಲೆಯೇ ಹಚ್ಚಿದ್ದರೆ ಮರುದಿನದೊಳಗೆ ತೊಳೆಯಿರಿ, ಒಣಗಿದ ಪುಡಿಯನ್ನು ಉಜ್ಜಬೇಡಿ. ಅರಿಸಿನದ ಹಳದಿ ಬಿಸಿಲಿಗೆ ತಾನಾಗಿಯೇ ಮಾಸುವುದರಿಂದ ಅದಕ್ಕಾಗಿ ಗಾಬರಿ ಬೇಡ; ಅಂಗಡಿ ಕುಂಕುಮದ ಕೃತಕ ಬಣ್ಣ ಮಾತ್ರ ಹಾಗೆ ಹೋಗುವುದಿಲ್ಲ. ಹಾರ ಕಟ್ಟುವಾಗ ತಂತಿಯ ತುದಿ ಬಾನೆಟ್ಟಿಗೆ ತಾಗದಂತೆ ಒಳಕ್ಕೆ ಮಡಚಿ.

ಪ್ರಶ್ನೆ: ನೀರಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ ಒರೆಸಿದರೆ ಹೊಳಪು ಬರುತ್ತದೆ ಎನ್ನುತ್ತಾರೆ. ನಿಜವೇ? (ಓದುಗರು, ಹಾಸನ)

ಉತ್ತರ: ಕಾಣುವುದು ಎಣ್ಣೆಯ ಹೊಳಪು; ಬಣ್ಣದ್ದಲ್ಲ. ಜಿಡ್ಡಿಗೆ ದೂಳು ಇನ್ನಷ್ಟು ಅಂಟುತ್ತದೆ, ಬಾಗಿಲಿನ ರಬ್ಬರ್ ಉಬ್ಬಿ ಹಾಳಾಗುತ್ತದೆ, ಮೇಣ ಕರಗುತ್ತದೆ. ಡೀಸೆಲ್ಲಿಗೂ ಇದೇ ಮಾತು.

ಪ್ರಶ್ನೆ: ಅಪಘಾತದ ನಂತರ ಒಂದು ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ್ದೇನೆ. ತಕ್ಷಣ ವ್ಯಾಕ್ಸ್ ಹಚ್ಚಬಹುದೇ? ನನ್ನ ಬೈಕಿನದು ಮ್ಯಾಟ್ ಬಣ್ಣ, ಅದಕ್ಕೆ? (ಓದುಗರು, ತುಮಕೂರು)

ಉತ್ತರ: ಹೊಸ ಬಣ್ಣದೊಳಗಿನ ದ್ರಾವಕಗಳು ಆರಿಹೋಗಲು ಸಮಯ ಬೇಕು. ಕನಿಷ್ಠ 30 ದಿನ, ಬಣ್ಣ ಹೊಡೆದವರು ಹೆಚ್ಚು ಹೇಳಿದ್ದರೆ ಅಷ್ಟು ದಿನ ಕಾಯಿರಿ. ಮ್ಯಾಟ್ ಬಣ್ಣಕ್ಕೆ ಸಾಮಾನ್ಯ ವ್ಯಾಕ್ಸ್ ಮತ್ತು ಪಾಲಿಶ್ ಎರಡೂ ಬೇಡ. ಉಜ್ಜಿದ ಜಾಗವೆಲ್ಲ ತೇಪೆ ತೇಪೆಯಾಗಿ ಹೊಳೆಯತೊಡಗುತ್ತದೆ, ಅದನ್ನು ಮರಳಿ ಮಾಸಲು ಮಾಡಲಾಗದು.

ಪ್ರಶ್ನೆ: ಮರದ ಕೆಳಗೆ ನಿಲ್ಲಿಸುವುದು ಅನಿವಾರ್ಯ. ಹಕ್ಕಿಯ ಹಿಕ್ಕೆಯಿಂದ ಬಣ್ಣದಲ್ಲಿ ಗುಳಿ ಬೀಳುತ್ತಿದೆ. (ಓದುಗರು, ಧಾರವಾಡ)

ಉತ್ತರ: ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ, ಅದರ ಜೊತೆಗೆ, ಬಿಸಿಲಿಗೆ ಮೆದುವಾದ ಕ್ಲಿಯರ್ ಕೋಟ್ ಸಂಜೆ ತಣಿಯುವಾಗ ಒಣಗಿದ ಹಿಕ್ಕೆಯ ಕೆಳಗೆ ಅದರ ಅಚ್ಚನ್ನೇ ಪಡೆಯುತ್ತದೆ. ಬೇಸಿಗೆಯಲ್ಲಿ ಒಂದೇ ಹಗಲು ಇದಕ್ಕೆ ಸಾಕು. ಆದ್ದರಿಂದ ಡಿಕ್ಕಿಯಲ್ಲಿ ಒಂದು ನೀರಿನ ಬಾಟಲಿ ಮತ್ತು ಎರಡು ಮೈಕ್ರೋಫೈಬರ್ ಬಟ್ಟೆ ಸದಾ ಇರಲಿ. ಒಂದನ್ನು ಚೆನ್ನಾಗಿ ನೆನೆಸಿ ಹಿಕ್ಕೆಯ ಮೇಲೆ ಐದರಿಂದ ಹತ್ತು ನಿಮಿಷ ಹೊದಿಸಿಡಿ. ಒಳಗಿನ ಕಾಳು, ಮರಳಿನ ಚೂರುಗಳೆಲ್ಲ ಸಡಿಲವಾದ ಮೇಲೆ ಉಜ್ಜದೆ ಹಾಗೆಯೇ ಮೇಲಕ್ಕೆ ಎತ್ತಿ ತೆಗೆಯಿರಿ. ಉಳಿದದ್ದನ್ನು ನೀರು ಹೊಯ್ದು ಹರಿಸಿ, ಇನ್ನೊಂದು ಬಟ್ಟೆಯಿಂದ ಒತ್ತಿ ಒಣಗಿಸಿ. ಆ ಜಾಗದ ಮೇಣವೂ ಹೋಗಿರುವುದರಿಂದ ಮುಂದಿನ ಬಾರಿ ತೊಳೆದಾಗ ಅಲ್ಲಿಗಷ್ಟು ಮತ್ತೆ ಹಚ್ಚಿ.