ಪ್ಲೇಟಿನ ಮುಚ್ಚಳದಲ್ಲಿ ನೀರಹನಿ? ತೆಗೆದು ಒರೆಸಬೇಡಿ

ಬೆರಳು ಒತ್ತಿದ ಅಗಾರ್ ಪ್ಲೇಟನ್ನು (ಸೂಕ್ಷ್ಮಜೀವಿ ಬೆಳೆಸಲು ಜೆಲ್ಲಿಯಂಥ ಅಗಾರ್ ತುಂಬಿದ ಮುಚ್ಚಳದ ತಟ್ಟೆ) 37 ಡಿಗ್ರಿಯಲ್ಲಿ ಇಟ್ಟೆ, ಮುಚ್ಚಳದ ತುಂಬ ನೀರಹನಿ, ತೆಗೆದು ಒರೆಸಲಾ ಅಂತ ಕೇಳಿದ್ದೀರಿ. ಬೇಡ, ದಯವಿಟ್ಟು ತೆಗೆಯಬೇಡಿ. ಅದರಲ್ಲಿ ಏನು ಬೆಳೆದಿದೆಯೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೂಸಿ ನೋಡುವುದಂತೂ ಬೇಡವೇ ಬೇಡ.

ಅಗಾರ್ ತೀರಾ ಬಿಸಿ ಇದ್ದಾಗ ಸುರಿದರೆ ಹೀಗೆ ಜಾಸ್ತಿ ನೀರು ಕೂರುತ್ತದೆ. ಸುಮಾರು 50 ಡಿಗ್ರಿಗೆ ಆರಲಿ, ಅಂದರೆ ಫ್ಲಾಸ್ಕನ್ನು ಕೈಯಲ್ಲಿ ಹಿಡಿಯುವಷ್ಟು. ಗಟ್ಟಿಯಾದ ಮೇಲೆ ಪ್ಲೇಟನ್ನು ತಲೆಕೆಳಗಾಗಿ ಇಡಿ. ಇಲ್ಲದಿದ್ದರೆ ಹನಿ ಬಿದ್ದು ಕಾಲೊನಿಗಳೆಲ್ಲ (ಕಣ್ಣಿಗೆ ಚುಕ್ಕಿಯಂತೆ ಕಾಣುವ ಸೂಕ್ಷ್ಮಜೀವಿ ಗುಂಪುಗಳು) ಕಲಸಿಹೋಗುತ್ತವೆ. ಟೇಪನ್ನು ಸುತ್ತಲೂ ಪೂರ್ತಿ ಸುತ್ತಬೇಡಿ. ಗಾಳಿ ಆಡದಿದ್ದರೆ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳಿಗೆ ಅನುಕೂಲ. ಎರಡು ಮೂರು ತುಂಡು ಸಾಕು.

ಇನ್ನು 37 ಡಿಗ್ರಿ. ಅದು ನಮ್ಮ ಮೈಯ ಬಿಸಿ, ರೋಗಾಣುಗಳಿಗೆ ಹಬ್ಬ ಅಲ್ವಾ? ಕೈಯಿಂದ ತೆಗೆದ ಮಾದರಿಗೆ 25 ಡಿಗ್ರಿ ಸಾಕು. ಒಂದೆರಡು ದಿನ ಹೆಚ್ಚು ಕಾಯಬೇಕು, ಅಷ್ಟೆ.

ಈಗಿನ ಪ್ಲೇಟನ್ನು ಮುಚ್ಚಿದಂತೆಯೇ ಆಟೋಕ್ಲೇವ್ ಚೀಲಕ್ಕೆ ಹಾಕಿ, ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯಂತ್ರ) 121 ಡಿಗ್ರಿಯಲ್ಲಿ ಕನಿಷ್ಠ ಅರ್ಧ ಗಂಟೆ ಇಡಿ. ಚೀಲದ ಬಾಯಿ ಬಿಗಿಯಾಗಿ ಕಟ್ಟಬೇಡಿ, ಹಬೆ ಒಳಗೆ ಹೋಗಬೇಕು. ನಾನು ಓದುವಾಗ ಬಿಗಿಯಾಗಿ ಕಟ್ಟಿ ಬೈಸಿಕೊಂಡಿದ್ದೆ.