ವಕೀಲಮ್ಮನನ್ನು ಕೇಳಿ: ಅರವತ್ತರಲ್ಲಿ ಹತ್ತೊಂಬತ್ತು ದಿನ ಹೋಯಿತು

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಮಗ ಇಲ್ಲೇ ಬಿ.ಐ.ಇ.ಟಿ.ಯಲ್ಲಿ ಓದಿ, ಅಮೆರಿಕದಲ್ಲಿ ಎಂ.ಎಸ್. ಮುಗಿಸಿ, ಡಲ್ಲಾಸ್‌ನಲ್ಲಿ ಎಚ್‌-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಐದು ವರ್ಷದಿಂದ ಕೆಲಸದಲ್ಲಿದ್ದ. ಕಂಪನಿಯವರು ತೆಗೆದುಹಾಕಿ 19 ದಿನ ಆಯಿತು. 60 ದಿನದೊಳಗೆ ಹೊಸ ಕೆಲಸ ಹಿಡಿಯಬೇಕು, ವೀಸಾ ಬದಲಾಯಿಸಬೇಕು, ಇಲ್ಲವೇ ದೇಶ ಬಿಡಬೇಕಂತೆ. ಮೈದುನ ನನ್ನನ್ನು ಪಿ.ಜೆ. ಬಡಾವಣೆಯ ಒಂದು ಕನ್ಸಲ್ಟೆನ್ಸಿಗೆ ಕರೆದುಕೊಂಡು ಹೋಗಿದ್ದರು. ‘1,80,000 ಕಟ್ಟಿ, ವಿಸಿಟರ್ ವೀಸಾಕ್ಕೆ ಬದಲಾಯಿಸಿಕೊಡ್ತೀವಿ, ಗ್ಯಾರಂಟಿ’ ಅಂದರು. ಮಗನನ್ನು ಕೇಳಿದರೆ ‘ನೀನು ಟೆನ್ಷನ್ ಮಾಡ್ಕೋಬೇಡಮ್ಮ’ ಅಂತ ಫೋನ್ ಇಡುತ್ತಾನೆ. ಅಲ್ಲಿ ಸರಿಯಾದ ವಕೀಲರನ್ನು ಹುಡುಕುವುದು ಹೇಗೆ?
— ಹೆಸರು ಬೇಡ, ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ

ಉತ್ತರ: ಪತ್ರ ಕೈಸೇರಿದ ಸಂಜೆಯೇ ನಿಮ್ಮ ಜೊತೆ ಫೋನಿನಲ್ಲಿ ಮಾತಾಡಿದ್ದೇನೆ. ಪತ್ರಿಕೆ ಅಚ್ಚಾಗುವವರೆಗೆ ಉಳಿದ 41 ದಿನ ಕಾಯುವುದಿಲ್ಲವಲ್ಲ. ಆಗ ಹೇಳಿದ್ದನ್ನೇ ಉಳಿದವರಿಗೂ ಆಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಆ 1,80,000. ಕೊಡಬೇಡಿ. ವಿಸಿಟರ್ ಆಗಿ ಬದಲಾಯಿಸಿಕೊಳ್ಳುವ ಅರ್ಜಿಗೆ ಐ-539 ಅಂತ ಹೆಸರು. ಫಾರಂ ಅಲ್ಲಿನ ಸರ್ಕಾರದ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಶುಲ್ಕ ಸರ್ಕಾರಕ್ಕೆ ಹೋಗುತ್ತದೆ. ಒಪ್ಪುವುದು ಬಿಡುವುದು ಅಲ್ಲಿನ ಅಧಿಕಾರಿಗೆ ಸೇರಿದ್ದು. ಹಾಗಿರುವಾಗ ಪಿ.ಜೆ. ಬಡಾವಣೆಯಲ್ಲಿ ಕೂತವರು ಯಾವುದಕ್ಕೆ ಗ್ಯಾರಂಟಿ ಕೊಟ್ಟರು? ಇನ್ನೊಮ್ಮೆ ಹೋದರೆ ಒಂದೇ ಮಾತು ಕೇಳಿ: ‘ಅಮೆರಿಕದ ಯಾವ ರಾಜ್ಯದ ಸನ್ನದು ನಿಮ್ಮದು?’ ದಾವಣಗೆರೆ ಕೋರ್ಟಿನಲ್ಲಿ 32 ವರ್ಷ ಪಾಲು ವಿಭಾಗ, ಜಮೀನು ವ್ಯಾಜ್ಯ ನಡೆಸಿದ ನನ್ನ ಸನ್ನದೂ ಅಲ್ಲಿ ನಡೆಯುವುದಿಲ್ಲ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ, ನಾನೇ ಒಮ್ಮೆ ಬಿದ್ದವಳು. 2018ರಲ್ಲಿ ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗಿದ್ದೆ. ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ವೀಸಾ ಇದೆ, ಯೋಚನೆ ಯಾಕೆ ಅಂತ ಇದ್ದೆ. ಎಷ್ಟು ದಿನ ಇರಬಹುದು ಎಂಬುದನ್ನು ಹೇಳುವುದು ವೀಸಾ ಅಲ್ಲ, ದೇಶದೊಳಗೆ ಬಂದಾಗ ಕೊಡುವ ಐ-94 ದಾಖಲೆ. ನನ್ನದರಲ್ಲಿ ಆರೇ ತಿಂಗಳಿತ್ತು. ಮಗು ಇನ್ನೂ ಸಣ್ಣದು, ಅವಧಿ ಮುಗಿಯುತ್ತಾ ಬಂತು. ಅಲ್ಲಿನ ಇಂಡಿಯನ್ ಅಂಗಡಿಯ ಗೋಡೆಗೆ ಅಂಟಿಸಿದ್ದ ಚೀಟಿ ನೋಡಿ, ಅವಧಿ ವಿಸ್ತರಿಸುವ ಅರ್ಜಿ ತುಂಬಿಕೊಡಲು ಒಬ್ಬರಿಗೆ 400 ಡಾಲರ್ ಕೊಟ್ಟೆವು. ಕಕ್ಷಿದಾರರಿಗೆಲ್ಲ ‘ಓದದೆ ಸಹಿ ಹಾಕಬೇಡ್ರಪ್ಪ’ ಎನ್ನುತ್ತಿದ್ದ ನಾನು ಓದದೆ ಸಹಿ ಹಾಕಿದೆ. ಖರ್ಚಿಗೆ ಹಣ ಇದೆ ಎನ್ನುವುದಕ್ಕೆ ದಾಖಲೆ ಕೊಡಿ ಎಂದು ಸರ್ಕಾರದ ಕಾಗದ ಬಂದಾಗ ಆ ಮನುಷ್ಯನ ಫೋನು ಸ್ವಿಚ್ ಆಫ್. ನಕಲು ತೆಗೆದು ನೋಡಿದರೆ, ಅರ್ಜಿ ತುಂಬಿಕೊಟ್ಟವರು ಸಹಿ ಹಾಕಬೇಕಾದ ಭಾಗ ಖಾಲಿ. ಕಾಗದದ ಮೇಲೆ ಎಲ್ಲವನ್ನೂ ನಾನೇ ತುಂಬಿದ್ದೆ!

ಆಮೇಲೆ ಸಿಕ್ಕಿದ ವಕೀಲೆ ಮುಕ್ಕಾಲು ಗಂಟೆ ಬರೀ ತಾರೀಖು ಕೇಳಿದರು, ಕಾಗದ ನೋಡಿದರು. ಕೊನೆಗೆ ‘ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿ ಸಾಕು, ಇದಕ್ಕೆ ನಾನು ಬೇಕಾಗಿಲ್ಲ’ ಅಂದರು. ಅಂಥವರನ್ನು ಹುಡುಕಬೇಕು.

ಹುಡುಕುವುದು ಅಷ್ಟು ಕಷ್ಟವೂ ಅಲ್ಲ. ವಲಸೆ ಕಾನೂನು ಅಲ್ಲಿ ಕೇಂದ್ರ ಸರ್ಕಾರದ್ದು. ಆದ್ದರಿಂದ ಮಗ ಟೆಕ್ಸಾಸ್‌ನಲ್ಲಿದ್ದರೂ ನ್ಯೂಯಾರ್ಕ್‌ನ ಸನ್ನದಿರುವ ವಕೀಲರು ಈ ಕೆಲಸಕ್ಕೆ ಆಗುತ್ತಾರೆ. ಅಮೆರಿಕನ್ ಇಮಿಗ್ರೇಷನ್ ಲಾಯರ್ಸ್ ಅಸೋಸಿಯೇಷನ್ ಎಂಬ ವಕೀಲರ ಸಂಘದ ವೆಬ್‌ಸೈಟಿನಲ್ಲಿ ಊರಿನ ಪ್ರಕಾರ ಹುಡುಕಬಹುದು. ಅಲ್ಲಿನ ಕನ್ನಡ ಕೂಟದವರನ್ನು ಕೇಳಿದರೆ ಎರಡು ಮೂರು ಹೆಸರು ಸಿಕ್ಕೇ ಸಿಗುತ್ತದೆ. ಹೆಸರು ಸಿಕ್ಕ ಮೇಲೆ ಆ ವಕೀಲರ ರಾಜ್ಯದ ಬಾರ್ ವೆಬ್‌ಸೈಟಿನಲ್ಲಿ ಸನ್ನದು ಚಾಲ್ತಿಯಲ್ಲಿದೆಯೇ ಎಂದು ಮಗನೇ ನೋಡಲಿ, ಐದು ನಿಮಿಷದ ಕೆಲಸ. ದುಡ್ಡಿಗೆ ತೀರಾ ಕಷ್ಟವಿರುವವರಿಗೆ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಸೇವಾ ಸಂಸ್ಥೆಗಳೂ ಇವೆ. ಅವರ ಕೈಯಲ್ಲಿ ಹೆಚ್ಚಾಗಿ ಕುಟುಂಬದ, ಆಶ್ರಯ ಕೇಳುವವರ ಪ್ರಕರಣಗಳು. ಫೀಸು ಒಟ್ಟಿಗೆ ಇಷ್ಟೋ ಗಂಟೆಗೆ ಇಷ್ಟೋ, ಬರಹದಲ್ಲಿ ಇರಲಿ. ವಕೀಲರು ಕೇಸು ಹಿಡಿದರೆ ಜಿ-28 ಎಂಬ ಫಾರಂ ಹಾಕುತ್ತಾರೆ, ನಮ್ಮ ವಕಾಲತ್ತು ಇದ್ದ ಹಾಗೆ. ಅದನ್ನು ಹಾಕುವುದಿಲ್ಲ ಎನ್ನುವವರಿಂದ ದೂರ ಇರಲಿ. ಹಳೆ ಕಂಪನಿಯ ವಕೀಲರನ್ನೇ ನೆಚ್ಚಿಕೊಳ್ಳುವುದೂ ಬೇಡ. ಅವರಿಗೆ ಫೀಸು ಕೊಡುತ್ತಿದ್ದುದು ಕಂಪನಿ.

ವಕೀಲರ ಮುಂದೆ ಮಗ ಕೇಳಬೇಕಾದ್ದು ಬೇರೆಯೇ ಇದೆ. 60 ದಿನದ ಲೆಕ್ಕ ಸಾಮಾನ್ಯವಾಗಿ ಸಂಬಳ ಕೊಟ್ಟ ಕೊನೆಯ ದಿನದಿಂದ. ಐ-94 ಅದಕ್ಕಿಂತ ಮೊದಲೇ ಮುಗಿದರೆ ಅದೇ ಕೊನೆ. ಅಷ್ಟರೊಳಗೆ ಹೊಸ ಕಂಪನಿ ಅವನ ಹೆಸರಿನಲ್ಲಿ ಅರ್ಜಿ ಹಾಕಿದರೆ, ಅದು ಸಲ್ಲಿಕೆಯಾದ ಮೇಲೆ ಕೆಲಸಕ್ಕೆ ಸೇರಬಹುದು. ವಿಸಿಟರ್ ಆಗಿ ಬದಲಾದರೆ ಇರಬಹುದು, ದುಡಿಯುವಂತಿಲ್ಲ. ಹಳೆ ಕಂಪನಿ ಐ-140, ಅಂದರೆ ಗ್ರೀನ್ ಕಾರ್ಡಿನ ದಾರಿಯಲ್ಲಿ ಕಂಪನಿ ಹಾಕುವ ಅರ್ಜಿ, ಹಾಕಿಸಿ ಒಪ್ಪಿಗೆ ಬಂದಿತ್ತೇ ಎಂಬುದು ಬಹಳ ಮುಖ್ಯ. ಐದು ವರ್ಷ ಮುಗಿದಿದೆ ಅಂದಿರಿ, ಎಚ್‌-1ಬಿಗೆ ಸಾಮಾನ್ಯವಾಗಿ ಇರುವುದು ಆರೇ ವರ್ಷ. ಅದನ್ನು ದಾಟಿ ಮುಂದುವರಿಯಲು ಆ ಐ-140 ದಾರಿ ಕೊಡುತ್ತದೆ.

‘ಊರಿಗೆ ಬಂದುಬಿಡಪ್ಪ, ಆಮೇಲೆ ನೋಡೋಣ’ ಎಂದು ನೀವು ಫೋನಿನಲ್ಲಿ ಅಂದಿರಿ. ತಾಯಿ ಕರುಳು, ನನಗೆ ಗೊತ್ತು. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅಧ್ಯಕ್ಷರು ಹೊರಡಿಸಿದ ಆದೇಶದ ಪ್ರಕಾರ, ಅಮೆರಿಕದ ಹೊರಗಿರುವವರಿಗೆ ಹೊಸದಾಗಿ ಎಚ್‌-1ಬಿ ಅರ್ಜಿ ಹಾಕುವ ಕಂಪನಿ 1 ಲಕ್ಷ ಡಾಲರ್ ಕಟ್ಟಬೇಕಾಗಬಹುದು. ಅದು ಇವನಿಗೆ ತಾಗುತ್ತದೋ ಇಲ್ಲವೋ ಎಂದು ವಕೀಲರ ಬಾಯಿಂದ ಕೇಳಿಯೇ ಟಿಕೆಟ್ ತೆಗೆಯಲಿ. ಬರಲೇಬೇಕಾದರೆ, ಅವಧಿಗೆ ಮೊದಲೇ ಕೆಲಸದಿಂದ ತೆಗೆದ ಕಂಪನಿ ಊರಿಗೆ ಮರಳುವ ಪ್ರಯಾಣದ ನ್ಯಾಯವಾದ ಖರ್ಚು ಕೊಡಬೇಕೆಂದು ನಿಯಮವೇ ಇದೆ. ಹುಡುಗರು ಸಂಕೋಚಪಟ್ಟು ಕೇಳುವುದೇ ಇಲ್ಲ.

ಇಲ್ಲಿಂದ ನೀವು ಮಾಡಬಹುದಾದ್ದು ಒಂದಿದೆ. ‘ಏನಾಯ್ತಪ್ಪ’ ಎಂದು ದಿನಾ ಕೇಳುವ ಬದಲು ‘ಐ-797 ಒಪ್ಪಿಗೆ ಪತ್ರ, ಐ-94, ಕೊನೆಯ ಮೂರು ಸಂಬಳದ ಚೀಟಿ, ಕೆಲಸದಿಂದ ತೆಗೆದ ಪತ್ರ, ಎಲ್ಲ ಒಂದು ಫೈಲಿಗೆ ಹಾಕಿದೆಯಾ?’ ಎಂದು ಕೇಳಿ. ಈ ಪ್ರಶ್ನೆಗೆ ಅವನು ಫೋನ್ ಇಡುವುದಿಲ್ಲ.

ಪ್ರಶ್ನೆ: ಭಾವಮೈದುನ ಹತ್ತನೇ ಕ್ಲಾಸು ಫೇಲು. ಸೌದಿಯಲ್ಲಿ ಡ್ರೈವರ್ ಕೆಲಸಕ್ಕೆ ಏಜೆಂಟ್ 90,000 ಕೇಳುತ್ತಿದ್ದಾನೆ. ನಂಬಬಹುದಾ?
— ಓದುಗರು, ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ಇದಕ್ಕೆ ವಕೀಲರು ಬೇಡ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಅದರಲ್ಲಿ ಅವನ ಹೆಸರಿದೆಯಾ ನೋಡಿ. ಹೆಸರಿದ್ದರೂ ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ಹತ್ತನೇ ಪಾಸಾಗದವರ ಪಾಸ್‌ಪೋರ್ಟಿಗೆ ಸೌದಿ ಕೆಲಸಕ್ಕೆ ಹೊರಡುವ ಮೊದಲು ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ನಮ್ಮ ಸರ್ಕಾರದ ಅನುಮತಿ, ಬೇಕು. ‘ಅದೆಲ್ಲ ಯಾಕೆ, ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸೋಣ’ ಎಂದನೋ, ಪಾಸ್‌ಪೋರ್ಟ್ ಅವತ್ತೇ ವಾಪಸ್ ಇಸ್ಕೊಳ್ಳಿ.